ಆಮೆನ್ ಅಂದರೆ ಏನು, ಅದನ್ನು ಹೇಳುವುದು ಹೇಗೆ

ಪಾದ್ರಿಯ ಪ್ರಾರ್ಥನೆ ಇನ್ನೂ ಮುಗಿದಿರುವುದಿಲ್ಲ, ಅಷ್ಟರಲ್ಲೇ ಹಿಂದಿನ ಬೆಂಚುಗಳಿಂದ ‘ಆಮೆನ್’ ಬಂದುಬಿಡುತ್ತದೆ. ಕಾರವಾರ, ಹೊನ್ನಾವರ ಕಡೆ ಇಗರ್ಜಿಗೆ ಹೋಗುವವರಿಗೆ ಇದು ಗೊತ್ತಿರುತ್ತದೆ. ಪ್ರಾರ್ಥನೆ ಮುಗಿಯಿತು ಅಂತ ಸೂಚಿಸುವ ಪದ ಅಂತಲೇ ಬಹಳ ಜನ ತಿಳಿದಿದ್ದಾರೆ. ಅದರ ಕೆಲಸ ಬೇರೆ, ಒಪ್ಪಿಗೆ ಕೊಡುವುದು. ಶಿರಸಿ ಕಡೆ ಮದುವೆ, ಉಪನಯನದಲ್ಲಿ ಆಶೀರ್ವಾದ ಮಂತ್ರ ಹೇಳಿದಾಗ ಪುರೋಹಿತರೆಲ್ಲ ‘ತಥಾಸ್ತು’ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ.

ಪದ ಹೀಬ್ರೂ ಭಾಷೆಯದು. ಅಲೆಫ್, ಮೆಮ್, ನೂನ್ ಎಂಬ ಮೂರು ಅಕ್ಷರಗಳ ಧಾತುವಿನಿಂದ ಬಂದದ್ದು. ಗಟ್ಟಿಯಾಗಿರುವುದು, ನಂಬಿಕೆಗೆ ತಕ್ಕಂತಿರುವುದು ಅಂತ ಅದರ ಅರ್ಥ. ಬೈಬಲಿನ ವಿಮೋಚನಕಾಂಡದಲ್ಲಿ ಯುದ್ಧ ನಡೆಯುವಾಗ ಮೋಶೆ ಕೈ ಎತ್ತಿಕೊಂಡೇ ಇರುತ್ತಾನೆ, ಕೈ ಸೋತು ಇಳಿಯತೊಡಗಿದಾಗ ಆರೋನ ಮತ್ತು ಹೂರ ಆಚೆ ಈಚೆ ನಿಂತು ಹಿಡಿದುಕೊಳ್ಳುತ್ತಾರೆ, ಹೊತ್ತು ಮುಳುಗುವವರೆಗೂ ಕೈ ಅಲುಗುವುದಿಲ್ಲ. ಆ ಅಲುಗದ ಸ್ಥಿತಿಗೆ ಅಲ್ಲಿ ಬಳಸಿರುವ ‘ಎಮುನಾ’ ಕೂಡ ಇದೇ ಧಾತುವಿನ ಪದ. ಅರಬ್ಬಿಯಲ್ಲೂ ಈ ಧಾತು ಇದೆ, ಅಲ್ಲಿಂದ ನಮ್ಮಲ್ಲಿಗೂ ಬಂದಿದೆ. ನೋಟೀಸು ತರುವ ಕೋರ್ಟಿನ ಅಮೀನ ಮೂಲದಲ್ಲಿ ‘ನಂಬಿಕಸ್ಥ’, ಅಮಾನತ್ತು ಮೂಲದಲ್ಲಿ ‘ನಂಬಿ ಒಪ್ಪಿಸಿದ್ದು’.

ಓಂಕಾರದಿಂದ ಆಮೆನ್ ಹುಟ್ಟಿತು, ಈಜಿಪ್ಟಿನ ಆಮುನ್ ದೇವರ ಹೆಸರು ಅದು ಅಂತೆಲ್ಲ ವಾಟ್ಸಾಪಿನಲ್ಲಿ ಬರುತ್ತದೆ. ನಂಬಬೇಡಿ. ಹೀಬ್ರೂವಿನಲ್ಲೇ ಮೂಲ ಇಷ್ಟು ಸ್ಪಷ್ಟವಾಗಿರುವಾಗ ಸುಮ್ನೆ ಉಚ್ಚಾರ ಹತ್ತಿರ ಇದೆ ಅಂತ ನೆಂಟಸ್ತಿಕೆ ಕಟ್ಟುವುದು ಸರಿಯಲ್ಲ.

ಇನ್ನು ಹೇಳುವ ಕ್ರಮ. ಯಹೂದಿಗಳ ತಾಲ್ಮುದ್ ಗ್ರಂಥದಲ್ಲಿ ಮೂರು ಬಗೆಯ ಆಮೆನ್ ಬೇಡ ಎಂದಿದೆ: ಅವಸರದ್ದು, ತುಂಡಾದದ್ದು, ಅನಾಥವಾದದ್ದು. ಯಾವ ಪ್ರಾರ್ಥನೆಗೆ ಅಂತ ಗೊತ್ತಿಲ್ಲದೆ ಹೇಳಿದ್ದೇ ಅನಾಥ ಆಮೆನ್. ಈ ಮಾತು ನನಗೆ ತುಂಬಾ ಹಿಡಿಸಿದೆ. ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಯಹೂದಿಗಳ ಸಭಾಮಂದಿರ ಎಷ್ಟು ದೊಡ್ಡದಿತ್ತೆಂದರೆ ಹಿಂದಿದ್ದವರಿಗೆ ದನಿ ಮುಟ್ಟುತ್ತಿರಲಿಲ್ಲ, ನಡುವೆ ಒಬ್ಬ ನಿಂತು ಬಟ್ಟೆ ಬೀಸಿದಾಗ ಜನ ಆಮೆನ್ ಅನ್ನುತ್ತಿದ್ದರು ಅಂತಲೂ ಅದರಲ್ಲಿದೆ. ನಮಗೆ ಮೈಕ್ ಇದೆ, ಅಷ್ಟು ಕಷ್ಟ ಇಲ್ಲ ಅಲ್ವಾ? ಕೊನೆಯ ಮಾತು ಕಿವಿಗೆ ಬೀಳಲಿ, ಆಮೇಲೆ ‘ಆ’ ಪೂರ್ತಿ ಎಳೆದು, ‘ಮೆನ್’ ನುಂಗದೆ ಹೇಳಿ. ಮಕ್ಕಳಿಗೆ ಕಲಿಸುವಾಗ ‘ಈಗ ಯಾವುದಕ್ಕೆ ಆಮೆನ್ ಅಂದೆ?’ ಅಂತ ಒಮ್ಮೆ ಕೇಳಿ ನೋಡಿ, ಮುಂದಿನ ಸಲ ಅವರು ಕಿವಿಗೊಟ್ಟು ಕೇಳುತ್ತಾರೆ.

ಕ್ಯಾಥೊಲಿಕ್ ಪೂಜೆಯಲ್ಲಿ ಒಂದು ಕಡೆ ಜಾಸ್ತಿ ಎಚ್ಚರ ಬೇಕು. ‘ಆಮ್ಚ್ಯಾ ಬಾಪಾ’ (ಯೇಸು ಕಲಿಸಿದ ಪ್ರಾರ್ಥನೆಯ ಕೊಂಕಣಿ ರೂಪ) ಮನೆಯಲ್ಲಿ ಹೇಳುವಾಗ ಕೊನೆಗೆ ಆಮೆನ್ ಇರುತ್ತದೆ, ಪೂಜೆಯಲ್ಲಿ ಇರುವುದಿಲ್ಲ, ಯಾಕೆಂದರೆ ಪಾದ್ರಿ ಅಲ್ಲಿಂದಲೇ ಪ್ರಾರ್ಥನೆ ಮುಂದುವರಿಸುತ್ತಾರೆ. ಅದಕ್ಕೂ ಸ್ವಲ್ಪ ಮುಂಚೆ, ರೊಟ್ಟಿ ಮತ್ತು ಪಾತ್ರೆಯನ್ನು ಮೇಲೆತ್ತಿ ದೊಡ್ಡ ಪ್ರಾರ್ಥನೆ ಮುಗಿಸುವಾಗ ಬರುವ ಆಮೆನ್ ಇಡೀ ಪೂಜೆಯಲ್ಲೇ ಮುಖ್ಯವಾದದ್ದು, ಅದನ್ನು ಗೊಣಗಬೇಡಿ, ದನಿ ಎತ್ತಿ ಹೇಳಿ. ಪ್ರಸಾದ ತೆಗೆದುಕೊಳ್ಳುವಾಗ ‘ಇದು ಕ್ರಿಸ್ತನ ಶರೀರ’ ಎಂಬುದಕ್ಕೆ ನೀವೊಬ್ಬರೇ ಉತ್ತರ ಕೊಡಬೇಕು. ಆಮೆನ್ ಮೊದಲು, ತಿನ್ನುವುದು ಆಮೇಲೆ.

ಮುಸ್ಲಿಮರಲ್ಲಿ ಇದೇ ಪದ ‘ಆಮೀನ್’, ನಮಾಜಿನಲ್ಲಿ ಕುರಾನಿನ ಮೊದಲ ಅಧ್ಯಾಯ ಫಾತಿಹಾ ಮುಗಿದ ಮೇಲೆ ಬರುತ್ತದೆ. ಆಮೀನ್ ಕುರಾನಿನ ಪಾಠದೊಳಗಿನ ಪದ ಅಲ್ಲ, ಕೇಳಿದವರ ಉತ್ತರ. ಭಟ್ಕಳದ ನವಾಯತ ಮುಸ್ಲಿಮರು ಶಾಫಿ ಪಂಥದವರು, ಗಟ್ಟಿಯಾಗಿ ಓದುವ ನಮಾಜುಗಳಲ್ಲಿ ಆ ಪಂಥದಲ್ಲಿ ಆಮೀನ್ ಕೂಡ ಗಟ್ಟಿಯಾಗಿಯೇ. ಹನಫಿ ಪಂಥದವರು ಮೆಲ್ಲಗೆ ಹೇಳುತ್ತಾರೆ. ‘ಮೀ’ ದೀರ್ಘ, ಅದನ್ನು ಮೊಟಕು ಮಾಡಬೇಡಿ.

ಬೇರೆ ಧರ್ಮದವರು ಪಕ್ಕದ ಮನೆಯ ಮದುವೆಗೋ ಮಣ್ಣಿಗೋ ಇಗರ್ಜಿಗೆ ಹೋದರೆ ಏನು ಮಾಡಬೇಕು? ದಂಪತಿ ಚೆನ್ನಾಗಿರಲಿ, ಸತ್ತವರಿಗೆ ಶಾಂತಿ ಸಿಗಲಿ ಎಂಬ ಪ್ರಾರ್ಥನೆಗೆ ಮನಸ್ಸು ಒಪ್ಪಿದರೆ ಧಾರಾಳವಾಗಿ ಆಮೆನ್ ಅನ್ನಿ. ನಿಮ್ಮ ನಂಬಿಕೆಗೆ ಕೂಡದ ಮಾತು ಬಂದಾಗ ಸುಮ್ಮನಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ, ನಿಮ್ಮ ಜಾಗದಲ್ಲೇ ಕೂತಿರಿ.