ಫಾರ್ಮ್ಯಾಟ್ ಮಾಡಿಸಬೇಕೋ, ಹೊಸದು ತರಬೇಕೋ? ಮೊದಲು ಡಿಸ್ಕ್ ನೋಡಿ

ಮನೆಯ ಕಂಪ್ಯೂಟರ್ ತೆವಳುತ್ತಿದೆ ಎಂದು ಅಂಗಡಿಗೆ ಒಯ್ದರೆ ಸಿಗುವ ಮೊದಲ ಉತ್ತರ, ‘ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡೋಣ’. ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಆರು ತಿಂಗಳು ಬಿಟ್ಟು ಮತ್ತೆ ಹೋದರೆ ಎರಡನೆಯ ಉತ್ತರ, ‘ಹಳೇದಾಯ್ತು ಸಾರ್, ಹೊಸದು ತಗೊಳ್ಳಿ’. ಯಂತ್ರದೊಳಗೆ ಯಾವುದು ಸೋತಿದೆ ಎಂದು ನೋಡುವ ಕೆಲಸ ಎರಡು ಸಲವೂ ಆಗಿರುವುದಿಲ್ಲ.

ಫಾರ್ಮ್ಯಾಟ್‌ನಿಂದ ವಾಸಿಯಾಗುವುದು ಸಾಫ್ಟ್‌ವೇರ್ ಕಾಯಿಲೆ ಮಾತ್ರ: ವೈರಸ್, ಕೆಟ್ಟ ವಿಂಡೋಸ್ ಫೈಲುಗಳು, ವರ್ಷಗಟ್ಟಲೆ ಹಾಕಿ ಮರೆತ ಪ್ರೋಗ್ರಾಂಗಳು. ಸವೆದ ಹಾರ್ಡ್ ಡಿಸ್ಕ್, ಸಾಕಾಗದ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್, ಧೂಳು ಕಟ್ಟಿದ ಫ್ಯಾನು ಹಾಗೆಯೇ ಉಳಿಯುತ್ತವೆ. ಫಾರ್ಮ್ಯಾಟ್ ಆದ ಎರಡು ವಾರ ಚುರುಕಾಗಿದ್ದ ಯಂತ್ರ, ಅಪ್‌ಡೇಟು ಆ್ಯಂಟಿವೈರಸ್ಸುಗಳು ಮತ್ತೆ ಬಂದು ಕೂತ ಮೇಲೆ ಮೊದಲಿನಂತೆಯೇ ಮೊಂಡು ಬೀಳುವುದು ಇದರಿಂದಲೇ.

ಹಂತ 1: ಎಲ್ಲಿ ಸಿಕ್ಕಿಕೊಂಡಿದೆ?

ಕಂಪ್ಯೂಟರ್ ಆನ್ ಮಾಡಿ ಹತ್ತು ನಿಮಿಷ ಸುಮ್ಮನೆ ಬಿಡಿ. ಶುರುವಾದ ಕೂಡಲೇ ವಿಂಡೋಸ್ ತನ್ನ ಅಪ್‌ಡೇಟು, ಇಂಡೆಕ್ಸಿಂಗ್ ಕೆಲಸಗಳಲ್ಲಿ ಇರುವುದರಿಂದ ಆಗಿನ ಅಂಕಿಗಳನ್ನು ನಂಬುವಂತಿಲ್ಲ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ‘ಪರ್ಫಾರ್ಮೆನ್ಸ್’ ವಿಭಾಗಕ್ಕೆ ಹೋಗಿ. ದಿನಾ ಬಳಸುವ ಬ್ರೌಸರ್, ವರ್ಡ್ ತೆರೆದಿಟ್ಟುಕೊಂಡು ನೋಡಬೇಕು.

ಡಿಸ್ಕ್ 100% ತೋರಿಸುತ್ತಿದ್ದು, ಓದುವ-ಬರೆಯುವ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಇದೆಯೇ? ಕಳ್ಳ ಸಿಕ್ಕಿದ. ಐದಾರು ವರ್ಷಕ್ಕಿಂತ ಹಳೆಯ ಮನೆ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇವನೇ. ಹಾರ್ಡ್ ಡಿಸ್ಕ್ ಎಂದರೆ ತಿರುಗುವ ತಟ್ಟೆ ಮತ್ತು ಅದರ ಮೇಲೆ ಆಚೀಚೆ ಓಡಾಡುವ ಹೆಡ್. ಲ್ಯಾಪ್‌ಟಾಪ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಡೆಸ್ಕ್‌ಟಾಪಿನದು 7,200 ಸುತ್ತು ತಿರುಗುತ್ತದೆ. ದೊಡ್ಡ ಸಿನಿಮಾ ಫೈಲನ್ನು ಒಂದೇ ಓಟದಲ್ಲಿ ಓದುವಾಗ ಸೆಕೆಂಡಿಗೆ ನೂರು ಎಂಬಿ ದಾಟಬಲ್ಲದು. ವಿಂಡೋಸ್‌ಗೆ ಬೇಕಿರುವುದು ಅಲ್ಲಲ್ಲಿ ಚದುರಿದ ಸಾವಿರಾರು ಪುಟ್ಟ ಫೈಲುಗಳು. ಅಂಥ ಚದುರಿದ ಓದುಗಳನ್ನು ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸು ಮಾಡಿದರೆ, ತಿರುಗುವ ಭಾಗವೇ ಇಲ್ಲದೆ ಚಿಪ್ಪಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಹತ್ತಾರು ಸಾವಿರ ಮಾಡುತ್ತದೆ. ಫಾರ್ಮ್ಯಾಟ್‌ನಿಂದ ಈ ಅಂತರ ಮುಚ್ಚುವುದಿಲ್ಲ.

ಮೆಮೊರಿ 85–90% ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. 4 ಜಿಬಿಯಲ್ಲಿ ಇವತ್ತಿನ ಬ್ರೌಸರ್ ಓಡಿಸಿದರೆ ಹೆಚ್ಚುವರಿ ಹೊರೆಯನ್ನು ವಿಂಡೋಸ್ ಡಿಸ್ಕ್‌ಗೆ ತಳ್ಳುತ್ತದೆ. ಡಿಸ್ಕೂ ಹಳೆಯದಾಗಿದ್ದರೆ ಎರಡೂ ಸೇರಿ ಯಂತ್ರ ಗರಬಡಿದಂತೆ ನಿಲ್ಲುತ್ತದೆ.

ಸಿಪಿಯು (ಪ್ರೊಸೆಸರ್) ಏರಿಯೇ ಇದ್ದರೆ ‘ಪ್ರೋಸೆಸಸ್’ ವಿಭಾಗದಲ್ಲಿ ಯಾವ ಪ್ರೋಗ್ರಾಂ ತಿನ್ನುತ್ತಿದೆ ನೋಡಿ. ಎರಡು ಆ್ಯಂಟಿವೈರಸ್ ಒಟ್ಟಿಗೆ ಓಡುತ್ತಿರುವುದು ತೀರಾ ಸಾಮಾನ್ಯ, ಒಂದನ್ನು ತೆಗೆಯಿರಿ. ಕೆಲಸದ ಹೊರೆ ಇದ್ದಾಗಲೂ ಪ್ರೊಸೆಸರ್ ವೇಗ 0.8 ಗಿಗಾಹರ್ಟ್ಸ್ ಹತ್ತಿರವೇ ನಿಂತಿದ್ದರೆ ಅದು ಬಿಸಿಯ ಲಕ್ಷಣ. ಸುಟ್ಟುಹೋಗದಿರಲಿ ಎಂದು ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಮತ್ತು ಹೀಟ್‌ಸಿಂಕ್ ನಡುವಿನ ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಸಾಕು. ಬ್ಲೋಯರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆದುಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳು ಡೂಪ್ಲಿಕೇಟ್ ಅಡಾಪ್ಟರ್ ಚುಚ್ಚಿದಾಗಲೂ ಹೀಗೇ ವೇಗ ಇಳಿಸುತ್ತವೆ. ಮೂಲ ಅಡಾಪ್ಟರ್ ಹಾಕಿ ಒಮ್ಮೆ ಪರೀಕ್ಷಿಸಿ.

ಯಾವ ಅಂಕಿಯೂ ಏರಿಲ್ಲ, ವೆಬ್‌ಸೈಟುಗಳಷ್ಟೇ ನಿಧಾನ ಎಂದಾದರೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡಿ. ತಪ್ಪು ರೂಟರಿನದಾಗಿರಬಹುದು. ಸೈಟುಗಳು ‘ಸುರಕ್ಷಿತವಲ್ಲ’ ಎಂದು ತೆರೆಯದೇ ಇದ್ದರೆ ಮೂಲೆಯ ದಿನಾಂಕ ನೋಡಿ. ಅದು ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಮುಗಿದಿದೆ. ಇದಕ್ಕೂ ಫಾರ್ಮ್ಯಾಟ್ ಹೊಡೆಸಿಕೊಂಡು ಬಂದವರಿದ್ದಾರೆ.

ಹಂತ 2: ಡಿಸ್ಕ್‌ನ ಆರೋಗ್ಯ

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ಹಾರ್ಡ್ ಡಿಸ್ಕ್‌ನ ಮೂರು ಸಾಲು ನೋಡಿದರೆ ಸಾಕು: 05, ಸಿ5 ಮತ್ತು ಸಿ6. ಮೊದಲನೆಯದು ಕೆಟ್ಟು ಬದಲಿ ಜಾಗಕ್ಕೆ ಹೋದ ಡಿಸ್ಕಿನ ಪುಟ್ಟ ತುಣುಕುಗಳು, ಅಂದರೆ ಸೆಕ್ಟರ್‌ಗಳು, ಎರಡನೆಯದು ಓದಲಾಗದೆ ಸರದಿಯಲ್ಲಿರುವವು, ಮೂರನೆಯದು ಸರಿಪಡಿಸಲು ಆಗದವು. ಕೊನೆಯ ಕಾಲಂನಲ್ಲಿ ಎಲ್ಲ ಸೊನ್ನೆ ಇದ್ದರೆ ಸಮಾಧಾನ. ಆ ಅಂಕಿ ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತದೆ: ‘10’ ಎಂದರೆ ಹದಿನಾರು.

ಸಿ5 ಅಥವಾ ಸಿ6 ಸೊನ್ನೆಯಲ್ಲದಿದ್ದರೆ ಫಾರ್ಮ್ಯಾಟ್ ಮಾತೇ ಬೇಡ, ಡಿಸ್ಕ್ ರಿಪೇರಿ ಕಮಾಂಡ್‌ಗಳೂ ಬೇಡ. ಅವು ಸಾಯುತ್ತಿರುವ ಡಿಸ್ಕ್‌ ಮೇಲೆ ಗಂಟೆಗಟ್ಟಲೆ ಹೊರೆ ಹೇರುತ್ತವೆ. ಮೊದಲು ಫೋಟೊ, ದಾಖಲೆಗಳನ್ನು ಹೊರತೆಗೆಯಿರಿ. ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಯಂತ್ರ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ.

ಒಳಗೆ ಈಗಾಗಲೇ ಎಸ್‌ಎಸ್‌ಡಿ ಇದ್ದೂ ನಿಧಾನವಾಗಿದ್ದರೆ ಸಿ ಡ್ರೈವ್‌ನ ಖಾಲಿ ಜಾಗ ನೋಡಿ. 10–15 ಶೇಕಡಕ್ಕಿಂತ ಕಡಿಮೆ ಉಳಿದರೆ ಎಸ್‌ಎಸ್‌ಡಿಯೂ ಏದುಸಿರು ಬಿಡುತ್ತದೆ. ಜಾಗವೂ ಇದೆ, ಆರೋಗ್ಯವೂ ಇದೆ, ರ‍್ಯಾಮ್ 8 ಜಿಬಿ ಇದೆ, ಆದರೂ ಪರದಾಡುತ್ತಿದೆ ಎಂದರೆ ಆಗ ಫಾರ್ಮ್ಯಾಟ್ ನಿಜವಾದ ಮದ್ದು.

ಹಂತ 3: ಪ್ರೊಸೆಸರ್‌ನ ತಲೆಮಾರು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆದಾರರು ಹೆಸರು ನೋಂದಾಯಿಸಿದರೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟು ಸಿಗುವಂತೆ ಮಾಡಿದರು. ಅದರ ಗಡುವು 2026ರ ಅಕ್ಟೋಬರ್ 13. ಹಾಗಾಗಿ ಹಳೆ ಯಂತ್ರಕ್ಕೆ ದುಡ್ಡು ಹಾಕುವ ಮುನ್ನ ಅದು ವಿಂಡೋಸ್ 11 ಹತ್ತುತ್ತದೆಯೇ ಎಂದು ತಿಳಿಯಬೇಕು.

ಸುಲಭದ ಗುರುತು ಪ್ರೊಸೆಸರ್‌ನ ಹೆಸರಲ್ಲೇ ಇದೆ. ಇಂಟೆಲ್ ಕೋರ್ ಐ5-7200ಯು ಎಂದಿದ್ದರೆ ಏಳನೇ ತಲೆಮಾರು, ಐ5-8250ಯು ಎಂದಿದ್ದರೆ ಎಂಟನೆಯದು, ಐ3-10110ಯು ಎಂದಿದ್ದರೆ ಹತ್ತನೆಯದು. ಕೆಲವು ಅಪವಾದ ಬಿಟ್ಟರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ, ಎಎಂಡಿಯಲ್ಲಿ ರೈಜೆನ್ 2000 ಸರಣಿಯಿಂದ ಮುಂದಕ್ಕೆ ಅರ್ಹ. ಜತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ‘ಟಿಪಿಎಂ ಇಲ್ಲ’ ಎಂಬ ಸಂದೇಶ ಬಂದಾಕ್ಷಣ ಕೈಚೆಲ್ಲಬೇಡಿ. ಕಂಪ್ಯೂಟರ್ ಆನ್ ಆಗುವಾಗ ಮೊದಲು ಓಡುವ ಸೆಟ್ಟಿಂಗ್ ವ್ಯವಸ್ಥೆಯಾದ ಬಯೋಸ್‌ನಲ್ಲಿ ಅದು ಆಫ್ ಆಗಿರಬಹುದು. ಇಂಟೆಲ್ ಬೋರ್ಡ್‌ಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಇರುತ್ತದೆ. ಬಯೋಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಯಂತ್ರ ಅದನ್ನೇ ಕೇಳುತ್ತ ಕೂರುತ್ತದೆ.

ಅರ್ಹವಲ್ಲದ ಯಂತ್ರಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ಓಡಬಹುದು, ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತರಿ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿಗೆ ಇದು ಸಲ್ಲ.

ಈಗ ತೀರ್ಮಾನ

ಎಂಟನೇ ತಲೆಮಾರು ಅಥವಾ ಅದರ ಮೇಲಿನದು, ಒಳಗೆ ಹಾರ್ಡ್ ಡಿಸ್ಕ್ ಇದೆ: ಹೊಸದು ಬೇಡ. ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿ, ಎಸ್‌ಎಸ್‌ಡಿಗೆ ವಿಂಡೋಸ್ 11 ಅನ್ನು ಹೊಸದಾಗಿ ಹಾಕಿ. ಇನ್ನೂ ಕೆಲವು ವರ್ಷ ಬಾಳುತ್ತದೆ.

ನಾಲ್ಕರಿಂದ ಏಳನೇ ತಲೆಮಾರು: ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಉಚಿತ ಲಿನಕ್ಸ್ ಮಿಂಟ್‌ಗೆ ಹೋಗಬಹುದು. ಅದರ 22ನೇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ, 4 ಜಿಬಿ ರ‍್ಯಾಮ್‌ನಲ್ಲಿ ಓಡುತ್ತದೆ, ಕನ್ನಡ ಟೈಪಿಂಗ್‌ಗೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸದ ಕೀಲಿಮಣೆಯೂ ಸಿಗುತ್ತದೆ. ಯೂಟ್ಯೂಬ್, ಇಮೇಲ್, ಮಕ್ಕಳ ಪ್ರಾಜೆಕ್ಟ್‌ಗೆ ಸಾಕು. ಮನೆಯಲ್ಲಿ ಯಾರಾದರೂ ವಿಂಡೋಸ್‌ಗೆಂದೇ ಇರುವ ಲೆಕ್ಕಪತ್ರದ ಟ್ಯಾಲಿ ಬಳಸುತ್ತಾರೆ ಎಂದರೆ ಈ ದಾರಿ ಮುಚ್ಚಿದ ಹಾಗೆ.

ಕೋರ್ 2 ಡ್ಯುಯೊ ಕಾಲದ ಯಂತ್ರ, ಕೆಪ್ಯಾಸಿಟರ್ ಉಬ್ಬಿದ ಮದರ್‌ಬೋರ್ಡ್, 32 ಜಿಬಿಯ ಇಎಂಎಂಸಿ ಸಂಗ್ರಹ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿದ ಅಗ್ಗದ ಲ್ಯಾಪ್‌ಟಾಪ್: ಇವಕ್ಕೆ ದುಡ್ಡು ಸುರಿಯಬೇಡಿ. ಉಳಿದವುಗಳಿಗೆ ನಮ್ಮ ಅಳತೆ ಇಷ್ಟು: ಬಿಡಿಭಾಗ ಮತ್ತು ಕೂಲಿ ಸೇರಿ ಅದೇ ದರ್ಜೆಯ ಹೊಸ ಯಂತ್ರದ ಮೂರನೇ ಒಂದು ಭಾಗ ಮೀರಿದರೆ ರಿಪೇರಿ ಬಿಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಿಗಿದಿದೆ. ಹಿಂದೆ ಕೇಳಿದ ದರ ನೆಚ್ಚದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಈವತ್ತಿನ ದರ ವಿಚಾರಿಸಿ.

ಬಿಡಿಭಾಗ ಕೊಳ್ಳುವಾಗ

ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ 2.5 ಇಂಚಿನ, ಸಾಟಾ ಜೋಡಣೆಯ ಎಸ್‌ಎಸ್‌ಡಿ ಸೀದಾ ಕೂರುತ್ತದೆ. ವೇಗ ಸೆಕೆಂಡಿಗೆ 500 ಎಂಬಿ ಆಸುಪಾಸು. ಡೆಸ್ಕ್‌ಟಾಪ್‌ ಆದರೆ ಒಂದು ಸಾಟಾ ಡೇಟಾ ಕೇಬಲ್ ಬೇಕು, ಕರೆಂಟು ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ ವೈರುಗಳಲ್ಲಿ ಸಾಟಾ ಪವರ್ ಪಿನ್ ಖಾಲಿ ಇದೆಯೇ ನೋಡಿಕೊಳ್ಳಿ. ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದ್ದರೆ ಅದು ಸಾಟಾದ್ದೋ ಇನ್ನೂ ವೇಗದ ಎನ್‌ವಿಎಂಇಯದ್ದೋ ಎಂದು ಮ್ಯಾನ್ಯುಯಲ್‌ನಲ್ಲಿ ಓದಿ. ತಪ್ಪು ಜಾತಿಯದು ಅಚ್ಚುಕಟ್ಟಾಗಿ ಕೂತೂ ಬಯೋಸ್‌ಗೆ ಕಾಣದೇ ಹೋಗಬಹುದು. ಹೆಸರೇ ಕೇಳದ ಕಂಪನಿಯ ‘2 ಟಿಬಿ’ ಎಸ್‌ಎಸ್‌ಡಿ ಪುಡಿಗಾಸಿಗೆ ಸಿಕ್ಕರೆ ಅದರೊಳಗೆ ಪುಟ್ಟ ಮೆಮೊರಿ ಕಾರ್ಡ್ ಇರುತ್ತದೆ ಎಂದೇ ತಿಳಿಯಿರಿ.

ರ‍್ಯಾಮ್ ವಿಷಯದಲ್ಲಿ ಡಿಡಿಆರ್3, ಡಿಡಿಆರ್4 ಒಂದರ ಜಾಗಕ್ಕೆ ಇನ್ನೊಂದು ಬಾರದು. ಕಚ್ಚು ಬೇರೆ ಕಡೆ ಇರುತ್ತದೆ. ಮೋಸ ಹೋಗುವುದು ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವೆ. ಎರಡೂ ಒಂದೇ ಸ್ಲಾಟಿಗೆ ಕೂರುತ್ತವೆ, ಆದರೆ 1.35 ವೋಲ್ಟ್‌ನ ಡಿಡಿಆರ್3ಎಲ್ ಬೇಡುವ ಲ್ಯಾಪ್‌ಟಾಪ್ 1.5 ವೋಲ್ಟ್‌ನದನ್ನು ಹಾಕಿದರೆ ಆನ್ ಆಗದಿರಬಹುದು. ಸ್ಲಾಟ್ ಎಷ್ಟಿದೆ, ಎಷ್ಟು ತುಂಬಿದೆ ಎಂಬುದು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲೇ ಇದೆ.

ಫಾರ್ಮ್ಯಾಟ್‌ಗೆ ಮುನ್ನ ಬ್ಯಾಕಪ್

ಜನ ಅತ್ತುಕೊಂಡು ಬರುವುದು ಇಲ್ಲಿಂದಲೇ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ಬೇರೆಯವು.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಳೆಯ ಆಸ್ಕಿ ಫಾಂಟ್ ಬಳಸಿ ಟೈಪ್ ಮಾಡಿದ ಫೈಲುಗಳಿದ್ದರೆ ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಿಂದ ಆ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ. ಫಾಂಟ್ ಇಲ್ಲದೆ ತೆರೆದರೆ ಮದುವೆ ಪತ್ರಿಕೆಯಿಂದ ಹಿಡಿದು ಸಂಘದ ನಡಾವಳಿವರೆಗೆ ಎಲ್ಲವೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಫೈಲ್ ಕೆಟ್ಟಿರುವುದಿಲ್ಲ, ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಟ್ಯಾಲಿ ಇದ್ದರೆ ಡೇಟಾ ಫೋಲ್ಡರ್ ತೆಗೆದಿಟ್ಟು, ಲೈಸೆನ್ಸ್ ಸರೆಂಡರ್ ಮಾಡಿದ ಮೇಲೆಯೇ ಮುಂದುವರಿಯಿರಿ. ಇಮೇಲ್‌ಗಳನ್ನು ಇಟ್ಟಿರುವ ಔಟ್‌ಲುಕ್‌ನ ಪಿಎಸ್‌ಟಿ ಫೈಲ್, ಬ್ರೌಸರ್‌ನ ಪಾಸ್‌ವರ್ಡ್‌ಗಳು, ಪ್ರಿಂಟರ್ ಮತ್ತು ವೈಫೈ ಡ್ರೈವರ್‌ಗಳೂ ಪೆನ್‌ಡ್ರೈವ್‌ಗೆ ಹೋಗಲಿ. ನಕಲಾದ ಮೇಲೆ ನಾಲ್ಕೈದು ಫೈಲುಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಹೊಸದಾಗಿ ಹಾಕುವ ಕ್ರಮ

ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್ ತಾಣದ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಇಳಿಸಿ. ಹಳೆ ಹಾರ್ಡ್ ಡಿಸ್ಕ್‌ನ ಕೇಬಲ್ ಕಿತ್ತಿಡಿ; ಎರಡೂ ಡಿಸ್ಕ್ ಇದ್ದಾಗ ತಪ್ಪು ಪಾರ್ಟಿಷನ್ (ಡಿಸ್ಕಿನ ಭಾಗ) ಅಳಿಸಿ ಡೇಟಾ ಕಳೆದುಕೊಳ್ಳುವವರೇ ಹೆಚ್ಚು. ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ (ಕಂಪನಿಗೆ ಒಂದೊಂದು) ಒತ್ತಿ ಪೆನ್‌ಡ್ರೈವ್ ಆರಿಸಿ. ಪ್ರಾಡಕ್ಟ್ ಕೀ ಕೇಳಿದರೆ ‘ಇಲ್ಲ’ ಎನ್ನಿ. ಮೊದಲು ಅಸಲಿ ವಿಂಡೋಸ್ ಇದ್ದಿದ್ದರೆ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಇಂಟರ್‌ನೆಟ್ ಸಿಕ್ಕೊಡನೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ವಿಂಡೋಸ್‌ನ ಹೋಮ್ ಆವೃತ್ತಿ ಇದ್ದ ಕಡೆ ಪ್ರೊ ಆವೃತ್ತಿ ಹಾಕಿದರೆ ಮಾತ್ರ ಆಗದು. ಡಿಸ್ಕ್ ಪುಟದಲ್ಲಿ ಇರುವ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ, ಖಾಲಿ ಜಾಗವನ್ನೇ ಆರಿಸಿ ‘ನೆಕ್ಸ್ಟ್’ ಕೊಡಿ.

ಆಮೇಲೆ ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಯಲಿ, ಎರಡು ಸಲ ರೀಸ್ಟಾರ್ಟ್ ಆಗಲಿ. ಒಳಗೇ ಇರುವ ಡಿಫೆಂಡರ್ ಸಾಕು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಸಿಕೊಂಡರೆ ಈ ಲೇಖನವನ್ನು ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ.

ಕಿತ್ತಿಟ್ಟ ಡಿಸ್ಕನ್ನು ಒಂದು ತಿಂಗಳು ಮುಟ್ಟಬೇಡಿ, ಏನೋ ಒಂದು ಮರೆತಿರುತ್ತೀರಿ. ಆರೋಗ್ಯವಾಗಿದ್ದರೆ ನಂತರ ಯುಎಸ್‌ಬಿ ಕೇಸ್‌ಗೆ ಹಾಕಿ ಬ್ಯಾಕಪ್‌ಗೆ ಬಳಸಬಹುದು. ಗುಜರಿಗೆ ಕೊಡುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಫೈಲುಗಳ ಪಟ್ಟಿಯನ್ನಷ್ಟೇ ಅಳಿಸುತ್ತದೆ. ವಿಂಡೋಸ್‌ನ ಕಮಾಂಡ್ ಸಲಕರಣೆಯಾದ ಡಿಸ್ಕ್‌ಪಾರ್ಟ್‌ನಲ್ಲಿ ಸರಿಯಾದ ಡಿಸ್ಕ್ ಆರಿಸಿಕೊಂಡು ‘ಕ್ಲೀನ್ ಆಲ್’ ಕೊಟ್ಟರೆ ಇಡೀ ಡಿಸ್ಕ್‌ ಮೇಲೆ ಸೊನ್ನೆ ಬರೆಯುತ್ತದೆ. 1 ಟಿಬಿಗೆ ಹಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ.