ಸ್ಕ್ಯಾನ್ ಫೈಲ್ ಲೈಬ್ರರಿಗೆ ಕೊಡೋ ಮುಂಚೆ

ದುರ್ಗದ ಗೆಳೆಯರೇ, ಹಳೇ ಕಡತ, ಕೋಟೆಯ ಫೋಟೊ ಸ್ಕ್ಯಾನ್ ಮಾಡ್ತಿರೋರು ಗಮನಿಸಿ. ಮೂಲಪ್ರತಿ ಟಿಫ್ (TIFF) ಅನ್ನೋ ಚಿತ್ರದ ಫಾರ್ಮ್ಯಾಟ್‌ನಲ್ಲೇ ಇರಲಿ. ಜೆಪೆಗ್ ನೋಡೋಕಷ್ಟೇ, ತಿದ್ದಿ ಸೇವ್ ಮಾಡಿದಾಗೆಲ್ಲ ಚಿತ್ರದ ಗುಣಮಟ್ಟ ಒಂಚೂರು ಸವೆಯುತ್ತೆ. ಫೈಲ್ ಹೆಸರಲ್ಲಿ ಖಾಲಿ ಜಾಗ ಬೇಡ. ದಿನಾಂಕ 2024-06-15 ಅಂತ ವರ್ಷದಿಂದ ಶುರುಮಾಡಿ, ತಾನಾಗೇ ಸಾಲಾಗಿ ಕೂರುತ್ತೆ. ‘ಫೈನಲ್ ಹೊಸದು 2’ ಅಂತ ಹೆಸರಿಟ್ಟು ನಾನೊಂದು ಭಾನುವಾರ ಪೂರ್ತಿ ಹುಡುಕಾಡಿದ್ದೀನಿ!

ಬಹಳ ಜನ ಬಿಡೋದು ಚೆಕ್‌ಸಮ್, ಅಂದ್ರೆ ಫೈಲಿನ ಒಳಗಿರೋದನ್ನ ಲೆಕ್ಕಹಾಕಿ ತೆಗೆಯೋ, ಬೆರಳಗುರುತಿನಂಥ ಸಂಕೇತ. ವಿಂಡೋಸ್‌ನಲ್ಲೇ ಇರೋ ಸರ್ಟ್‌ಯುಟಿಲ್ (certutil) ಅನ್ನೋ ಕಮಾಂಡ್‌ನಿಂದ ಪ್ರತಿ ಫೈಲಿಗೂ ಎಸ್‌ಎಚ್‌ಎ-256 (ಚೆಕ್‌ಸಮ್‌ನ ಒಂದು ಬಗೆ) ಮೌಲ್ಯ ತೆಗೆದು, ನೋಟ್‌ಪ್ಯಾಡ್‌ನಲ್ಲಿ ಬರೆದು ಜೊತೆಗೇ ಇಡಿ. ಕಾಪಿ ಆದಮೇಲೆ ಮತ್ತೆ ತೆಗೆದರೆ ಅದೇ ಬರಬೇಕು. ಒಂದಕ್ಷರ ಬೇರೆಯಾದರೂ ಫೈಲ್ ಬದಲಾಗಿದೆ ಅಂತಲೇ ಲೆಕ್ಕ. ಮೂರು ಪ್ರತಿ ಇಡಿ, ಒಂದು ಬೇರೆ ಊರಲ್ಲಿ. ದಾವಣಗೆರೆಯ ನೆಂಟರ ಮನೆಯಾದರೂ ಸರಿ. ಪೆನ್‌ಡ್ರೈವ್ ಮಾತ್ರ ನಂಬಬೇಡಿ.