ಸರ್ಕಾರಿ ಶಾಲೆಗೆ ಹೊಸದಾಗಿ ಸೇರಿದ್ದೀರಾ? ತರಬೇತಿ, ವರದಿ ನಿಭಾಯಿಸುವುದು ಹೀಗೆ

ನೇಮಕಾತಿ ಆದೇಶ ಕೈಗೆ ಬಂದ ಖುಷಿ ಒಂದು ವಾರ ಇರುತ್ತದೆ. ಆಮೇಲೆ ಕ್ಲಸ್ಟರ್‌ನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ವಾಟ್ಸ್‌ಆ್ಯಪ್ ಗ್ರೂಪಿಗೆ ನಿಮ್ಮ ನಂಬರ್ ಸೇರುತ್ತದೆ. ಮೊದಲ ಸಂದೇಶ ಬಹುಶಃ ಹೀಗಿರುತ್ತದೆ: ‘ಲಗತ್ತಿಸಿದ ನಮೂನೆಯಲ್ಲಿ ಮಾಹಿತಿಯನ್ನು ಇಂದು ಸಂಜೆ 4 ಗಂಟೆಯೊಳಗೆ ತಪ್ಪದೇ ಸಲ್ಲಿಸುವುದು. ಇಲ್ಲದಿದ್ದಲ್ಲಿ ಶೂನ್ಯ ವರದಿ ನೀಡುವುದು.’ ಆಗ ಗಂಟೆ ಮೂರೂವರೆ. ನೀವು ನಾಲ್ಕನೇ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿರುತ್ತೀರಿ.

ನಾನೂ ಅಂಥದ್ದೇ ಗ್ರೂಪಿನಲ್ಲಿ ವರ್ಷಗಟ್ಟಲೆ ಇದ್ದೇನೆ. ಕಂಡುಕೊಂಡಿದ್ದು ಇಷ್ಟು. ನಮ್ಮಿಂದ ಕೇಳುವ ವರದಿಗಳಲ್ಲಿ ಬಹುಪಾಲು ಒಂದು ದಿನ ತಡವಾದರೆ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಯಿಂದ (ಸಿಆರ್‌ಪಿ) ಒಂದು ಫೋನ್ ಬರುತ್ತದೆ, ಜಾಸ್ತಿ ಅಂದರೆ ಒಂದು ನೋಟಿಸ್. ಒಂದೇ ಒಂದು ವರದಿ ಮಾತ್ರ ನಾಳೆಗೆ ಕಾಯುವಂತಿಲ್ಲ. ಅದನ್ನು ಗ್ರೂಪಿನಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೆ ನಮೂನೆಯೂ ಬರುವುದಿಲ್ಲ. ಅದರ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ದಿನನಿತ್ಯದ್ದನ್ನು ಮುಗಿಸೋಣ.

ಹೆಜ್ಜೆ 1: ನಿಮ್ಮದೇ ಒಂದು ಫೈಲ್ ಮಾಡಿಕೊಳ್ಳಿ

ಶಾಲೆಯ ಫೈಲ್ ಬೇರೆ, ನಿಮ್ಮ ಫೈಲ್ ಬೇರೆ. ವರ್ಗಾವಣೆ ಆದರೆ ಶಾಲೆಯದ್ದು ಅಲ್ಲೇ ಉಳಿಯುತ್ತದೆ. ಹಾಗಾಗಿ ಗಟ್ಟಿ ರಟ್ಟಿನ ಒಂದು ಫೈಲ್ ತಂದು ನೇಮಕಾತಿ ಆದೇಶ, ಕರ್ತವ್ಯಕ್ಕೆ ಹಾಜರಾದ ವರದಿ, ಆಮೇಲೆ ಬರುವ ಪ್ರತಿ ಆದೇಶದ ಒಂದೊಂದು ಪ್ರತಿ ಹಾಕುತ್ತಾ ಹೋಗಿ.

ಮೊದಲ ಹಾಳೆಯಲ್ಲಿ ನಂಬರುಗಳನ್ನು ಬರೆದಿಡಿ: ಕೆಜಿಐಡಿ ಸಂಖ್ಯೆ (ರಾಜ್ಯ ಸರ್ಕಾರಿ ವಿಮಾ ಇಲಾಖೆ ನೌಕರರಿಗೆ ಕೊಡುವ ನಂಬರ್), ಶಾಲೆಯ ಯುಡೈಸ್ ಕೋಡ್ (ಪ್ರತಿ ಶಾಲೆಗೂ ಇರುವ ಗುರುತಿನ ನಂಬರ್). ಯುಡೈಸ್ ಕೋಡ್‌ನಲ್ಲಿ 11 ಅಂಕಿ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಎರಡು ಜಿಲ್ಲೆ, ಆಮೇಲಿನ ಎರಡು ತಾಲ್ಲೂಕು ಅಥವಾ ಬ್ಲಾಕ್, ನಂತರದ ಮೂರು ಊರು, ಕೊನೆಯ ಎರಡು ಶಾಲೆ. ಇದನ್ನು ಬಾಯಿಪಾಠ ಮಾಡಿ. ಯಾವ ನಮೂನೆ ಬಂದರೂ ಮೊದಲ ಕಾಲಂ ಇದೇ ಆಗಿರುತ್ತದೆ.

ಶಿಕ್ಷಕರ ಮಾಹಿತಿ ಇಡುವ ಇಲಾಖೆಯ ಇಇಡಿಎಸ್ ತಂತ್ರಾಂಶದಲ್ಲಿ ನಿಮ್ಮ ಸೇವಾ ವಿವರ ಸರಿ ಇದೆಯಾ ಅಂತಲೂ ಆರಂಭದಲ್ಲೇ ನೋಡಿಕೊಳ್ಳಿ. ವರ್ಗಾವಣೆ ಕೌನ್ಸೆಲಿಂಗ್ ಹತ್ತಿರ ಬಂದಾಗ ತಿದ್ದುಪಡಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಎಷ್ಟು ಜನ ನಿಂತಿರುತ್ತಾರೆ ಅಂತ ಒಮ್ಮೆ ನೋಡಿದರೆ ಸಾಕು. ವರ್ಷಕ್ಕೊಮ್ಮೆ ಕೊಡಬೇಕಾದ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿಯ ಪ್ರತಿಯೂ ಇದೇ ಫೈಲಿಗೆ ಸೇರಲಿ. ಮುಂದಿನ ವರ್ಷ ತುಂಬುವಾಗ ಹಳೆಯದನ್ನು ನೋಡಿಕೊಂಡೇ ಬರೆಯಬೇಕಾಗುತ್ತದೆ.

ಹೆಜ್ಜೆ 2: ತರಬೇತಿಗೆ ಹೋಗುವ ಮೊದಲು, ಹೋಗಿ ಬಂದ ಮೇಲೆ

ನಮ್ಮ ತರಬೇತಿಗಳ ದಾರಿ ಹೀಗಿದೆ. ಬೆಂಗಳೂರಿನ ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ರಾಜ್ಯಕ್ಕೆ ಯೋಜನೆ ಮಾಡುತ್ತದೆ. ಜಿಲ್ಲೆಗೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ), ತಾಲ್ಲೂಕಿಗೆ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ), ಅದರ ಕೆಳಗೆ ಕ್ಲಸ್ಟರ್. ನೀವು ಜಾಸ್ತಿ ಕೂರುವುದು ಬಿಆರ್‌ಸಿಯ ಹಾಲಿನಲ್ಲೇ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು ಎನ್ನುತ್ತದೆ, ಅದೂ ತಮ್ಮ ಆಸಕ್ತಿಗೆ ತಕ್ಕಂತೆ. ಆ ನೀತಿ ಬೇಕೋ ಬೇಡವೋ ಎಂಬ ಜಗಳ ನಮ್ಮ ರಾಜ್ಯದಲ್ಲಿ ಬೇರೆಯೇ ಇದೆ. ಜಗಳ ಅದರ ಪಾಡಿಗೆ ಇರಲಿ, ತರಬೇತಿಗಳಂತೂ ನಿಂತಿಲ್ಲ. ಹಾಗಾಗಿ ಗಂಟೆಗಳ ಲೆಕ್ಕವನ್ನು ನೀವೇ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ವಿಷಯ, ಸ್ಥಳ, ಎಷ್ಟು ಗಂಟೆ ಅಂತ ನಾಲ್ಕು ಕಾಲಂ ಹಾಕಿ. ಐದನೆಯದನ್ನು ನಾನು ಸೇರಿಸಿಕೊಂಡಿದ್ದೇನೆ: ‘ಸೋಮವಾರ ತರಗತಿಯಲ್ಲಿ ಏನು ಮಾಡುತ್ತೇನೆ?’ ಆ ಕಾಲಂ ಎಷ್ಟೋ ಸಲ ಖಾಲಿ ಬಿದ್ದಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಮ್ಮೆ ಭಿನ್ನರಾಶಿ ತರಬೇತಿಯಿಂದ ಬಂದು ‘ರೊಟ್ಟಿ ಬೇಡ, ಕಾಗದದ ಪಟ್ಟಿ ಮಡಚು’ ಅಂತ ಬರೆದಿದ್ದೆ. ಇವತ್ತಿಗೂ ಹಾಗೇ ಹೇಳಿಕೊಡುತ್ತೇನೆ. ದುಂಡಗಿನ ರೊಟ್ಟಿಯನ್ನು ಮೂರು ಸಮಭಾಗ ಮಾಡುವುದು ಮಕ್ಕಳಿಗಿರಲಿ, ನನಗೇ ಬರುವುದಿಲ್ಲ.

ಹೊರಡುವ ಮುನ್ನ ತರಬೇತಿ ಆದೇಶದ ಪ್ರತಿ ತೆಗೆದುಕೊಳ್ಳಿ. ಚಲನವಲನ ವಹಿಯಲ್ಲಿ ಬರೆಯಿರಿ. ಹಾಜರಾತಿ ವಹಿಯಲ್ಲಿ ಆ ದಿನಗಳಿಗೆ ಓಓಡಿ (ಬೇರೆ ಸರ್ಕಾರಿ ಕೆಲಸದ ಮೇಲೆ ಹೊರಗೆ) ಅಂತ ಬೀಳಬೇಕು. ಅದಕ್ಕೆ ಆಧಾರ, ಕೊನೆಯ ದಿನ ಕೊಡುವ ಹಾಜರಾತಿ ಪ್ರಮಾಣ ಪತ್ರ. ಸಂಜೆ ಬಸ್ಸು ತಪ್ಪುತ್ತದೆ ಅಂತ ಅದನ್ನು ಬಿಟ್ಟು ಓಡಬೇಡಿ.

ಇದನ್ನು ಕಷ್ಟಪಟ್ಟು ಕಲಿತಿದ್ದೇನೆ. ಸೇವೆಯ ಆರಂಭದಲ್ಲಿ ಬೇಸಿಗೆ ರಜೆಯಲ್ಲಿ ಒಂದು ತರಬೇತಿ ಬಂತು. ಹಾಜರಾತಿ ಪತ್ರವನ್ನು ಯಾವುದೋ ಪುಸ್ತಕದಲ್ಲಿ ಇಟ್ಟೆ, ಪುಸ್ತಕವನ್ನು ಯಾರಿಗೋ ಓದಲು ಕೊಟ್ಟೆ. ರಜೆಯಲ್ಲಿ ಕೆಲಸ ಮಾಡಿದ್ದಕ್ಕೆ ಗಳಿಕೆ ರಜೆ ಕೇಳಬೇಕಾದಾಗ ಕೈಯಲ್ಲಿ ಕಾಗದವೇ ಇಲ್ಲ. ಕಚೇರಿಗೆ ಮೂರು ಸಲ ಹೋದೆ. ಮೂರನೇ ಸಲ ಹಳೇ ಬೀರು ತೆರೆದು ತೋರಿಸಿದರು. ಆ ವರ್ಷದ ಹಾಜರಿ ಹಾಳೆಗಳನ್ನು ಗೆದ್ದಲು ತಿಂದಿತ್ತು. ಈಗ ಪತ್ರ ಕೈಗೆ ಬಂದ ತಕ್ಷಣ, ಅಲ್ಲೇ ನಿಂತು, ಫೋಟೊ ತೆಗೆಯುತ್ತೇನೆ. ಸೇವಾ ಪುಸ್ತಕದಲ್ಲಿ ನಮೂದಾಗಬೇಕಾದ್ದು ಆಯಿತಾ ಅಂತ ವರ್ಷಕ್ಕೊಮ್ಮೆ ಕೇಳಿ ನೋಡುತ್ತೇನೆ.

ಹೆಜ್ಜೆ 3: ದೀಕ್ಷಾದಲ್ಲಿ ಒಂದೇ ಲಾಗಿನ್

ದೀಕ್ಷಾ ಅಂದರೆ ಶಿಕ್ಷಕರ ಆನ್‌ಲೈನ್ ಕೋರ್ಸ್‌ಗಳಿರುವ ಸರ್ಕಾರಿ ಆ್ಯಪ್. ಅದು ಶುರುವಾಗಿದ್ದು 2017ರಲ್ಲಿ. 2019ರಲ್ಲಿ ಮುಖಾಮುಖಿಯಾಗಿ ಆರಂಭವಾದ, ಶಿಕ್ಷಕರಿಗಾಗಿ ಕೇಂದ್ರ ನಡೆಸುವ ನಿಷ್ಠಾ ತರಬೇತಿ, ಕೊರೊನಾ ಬಂದ ಮೇಲೆ 2020ರಲ್ಲಿ ಇದೇ ಆ್ಯಪಿಗೆ ಬಂತು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಒಂದು ಕೋರ್ಸಿಗೆ ಜಿಮೇಲ್‌ನಿಂದ, ಇನ್ನೊಂದಕ್ಕೆ ಮೊಬೈಲ್ ನಂಬರ್‌ನಿಂದ, ಮತ್ತೊಂದಕ್ಕೆ ಮಗನ ಫೋನಿನಿಂದ ಒಳಗೆ ಹೋಗುವುದು. ಪ್ರಮಾಣ ಪತ್ರಗಳು ಮೂರು ಖಾತೆಗಳಲ್ಲಿ ಹಂಚಿಹೋಗುತ್ತವೆ. ಯಾವ ಲಾಗಿನ್ ಅಂತ ಮೊದಲ ದಿನವೇ ತೀರ್ಮಾನಿಸಿ, ಫೈಲಿನ ಮೊದಲ ಹಾಳೆಯಲ್ಲಿ ಬರೆದುಕೊಳ್ಳಿ. ಪ್ರೊಫೈಲ್‌ನಲ್ಲಿ ಹೆಸರು ಸೇವಾ ಪುಸ್ತಕದಲ್ಲಿ ಇರುವ ಹಾಗೇ ಇರಲಿ. ಪ್ರಮಾಣ ಪತ್ರದಲ್ಲಿ ಅಚ್ಚಾಗುವುದು ಅದೇ.

ಕೋರ್ಸಿಗೆ ಕೊನೆಯ ದಿನಾಂಕ ಇರುತ್ತದೆ. ವಿಡಿಯೊ ಓಡಿಸಿ ಅಡುಗೆ ಮನೆಗೆ ಹೋಗುವವರೂ ಇದ್ದಾರೆ, ಗೊತ್ತಲ್ವಾ. ಆದರೆ ನಿಷ್ಠಾ ಕೋರ್ಸ್‌ಗಳಲ್ಲಿ ಕೊನೆಗೆ ಮೌಲ್ಯಮಾಪನ ಇದೆ, ಶೇ 70 ಬಂದರೇ ಪ್ರಮಾಣ ಪತ್ರ. ಪ್ರಯತ್ನಗಳಿಗೂ ಮಿತಿ ಇದೆ. ಕೊನೆಯ ದಿನ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಆ್ಯಪ್ ಸುತ್ತುತ್ತಾ ಕೂರುತ್ತದೆ. ಎರಡು ದಿನ ಮೊದಲೇ ಮುಗಿಸಿ.

ಹೆಜ್ಜೆ 4: ಮಕ್ಕಳ ಮಾಹಿತಿ, ಒಂದು ಅಕ್ಷರವೂ ತಪ್ಪದಂತೆ

ಸ್ಯಾಟ್ಸ್ ಅಂದರೆ ಮಕ್ಕಳ ವಿವರ ಇಡುವ ರಾಜ್ಯದ ತಂತ್ರಾಂಶ, ಯುಡೈಸ್ ಪ್ಲಸ್ ಕೇಂದ್ರದ್ದು. ಎರಡರಲ್ಲೂ ಪ್ರತಿ ಮಗುವಿಗೆ ಒಂದು ನಂಬರ್ ಇದೆ. ಎರಡಕ್ಕೂ ಮೂಲ ಮಾತ್ರ ನಿಮ್ಮ ಶಾಲೆಯ ದಾಖಲಾತಿ ವಹಿ. ಹಾಗಾಗಿ ವಹಿ ಎದುರಿಗೆ ಇಟ್ಟುಕೊಂಡೇ ಟೈಪ್ ಮಾಡಿ, ನೆನಪಿನಿಂದ ಬೇಡ.

ಇಷ್ಟೊಂದು ಯಾಕೆ ಹೇಳುತ್ತೇನೆ ಅಂದರೆ, ಒಂದನೇ ತರಗತಿಯಲ್ಲಿ ನೀವು ಒತ್ತಿದ ಅಕ್ಷರ ಹತ್ತು ವರ್ಷ ಆದಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗಿ ಕೂರುತ್ತದೆ. ಪರೀಕ್ಷಾ ಮಂಡಳಿ ಮಕ್ಕಳ ವಿವರ ತೆಗೆದುಕೊಳ್ಳುವುದು ಸ್ಯಾಟ್ಸ್‌ನಿಂದಲೇ. ಇನಿಷಿಯಲ್ ಹೆಸರಿನ ಮೊದಲೋ ಕೊನೆಗೋ, ಮಂಜುನಾಥನ ಇಂಗ್ಲಿಷ್ ಹೆಸರಿನ ಕೊನೆಯಲ್ಲಿ ಒಂದು ‘ಎ’ ಇದೆಯೋ ಇಲ್ಲವೋ, ಆಧಾರ್‌ನಲ್ಲಿ ಹೇಗಿದೆ, ಇವೆಲ್ಲ ಅಪ್ಪ ಅಮ್ಮನ ಎದುರಿಗೇ ನೋಡಿ ಖಚಿತ ಮಾಡಿಕೊಳ್ಳಿ. ಅವರಿಗೆ ಓದಲು ಬರದಿದ್ದರೆ ಅಕ್ಷರ ಅಕ್ಷರವಾಗಿ ಓದಿ ಹೇಳಿ.

ಮಗು ಟಿಸಿ ತೆಗೆದುಕೊಂಡರೆ ತಂತ್ರಾಂಶದಲ್ಲೂ ಬಿಟ್ಟುಕೊಡಬೇಕು. ಇಲ್ಲದಿದ್ದರೆ ಹೊಸ ಶಾಲೆಯವರು ಸೇರಿಸಿಕೊಳ್ಳಲಾಗದೆ ಫೋನ್ ಮಾಡುತ್ತಾ ಇರುತ್ತಾರೆ. ಮಧ್ಯಾಹ್ನದ ಊಟದ ಲೆಕ್ಕ ಅವತ್ತಿನದು ಅವತ್ತೇ ಆಗಲಿ. ಊಟ ಮಾಡಿದವರ ಸಂಖ್ಯೆ ಆ ದಿನದ ಹಾಜರಿಗಿಂತ ಜಾಸ್ತಿ ಬಂದರೆ ಯಾರೂ ಒಪ್ಪುವುದಿಲ್ಲ.

ಹಾಜರಿ ವಹಿಯನ್ನು ಸುಮ್ನೆ ತುಂಬಬೇಡಿ, ಓದಿ. ಎಂಟನೇ ತರಗತಿಯ ಹುಡುಗಿ ವಾರದಿಂದ ಬಂದಿಲ್ಲ, ‘ಅಜ್ಜಿ ಊರಿಗೆ ಹೋಗಿದ್ದಾಳೆ ಮಿಸ್’ ಅಂತ ಪಕ್ಕದವಳು ನೆಲ ನೋಡುತ್ತಾ ಹೇಳುತ್ತಾಳೆ. ಮದುವೆ ಕಾಲವಾದರೆ ಆವತ್ತೇ ಮನೆ ಕಡೆ ಹೋಗಿ ವಿಚಾರಿಸಿ. ಹುಡುಗಿಗೆ 18 ತುಂಬದೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಅನುಮಾನ ಬಂದರೆ 1098ಕ್ಕೆ ಫೋನ್ ಮಾಡಿ. ತಾಳಿ ಬೀಳುವ ಮುಂಚೆ ಹೇಳಿದರೇ ಉಪಯೋಗ.

ಹೆಜ್ಜೆ 5: ಕಾಯದ ವರದಿ

ಈಗ ಆ ಒಂದು ವರದಿ. ಶಾಲೆ ಬಿಡುವ ಹೊತ್ತು. ಮಕ್ಕಳೆಲ್ಲ ಓಡುತ್ತಿದ್ದಾರೆ. ಒಬ್ಬಳು ಮಾತ್ರ ಬ್ಯಾಗಿನ ಜಿಪ್ ಎಳೆಯುತ್ತಾ, ಬಿಡುತ್ತಾ ನಿಂತಿದ್ದಾಳೆ. ‘ಮಿಸ್, ನಾನು ಆ ಆಟೊದಲ್ಲಿ ಹೋಗಲ್ಲ’ ಅನ್ನುತ್ತಾಳೆ. ಯಾಕೆ ಅಂದರೆ ಸ್ವಲ್ಪ ಹೇಳುತ್ತಾಳೆ, ಅಷ್ಟಕ್ಕೆ ನಿಲ್ಲಿಸುತ್ತಾಳೆ. ನಿಮಗೆ ಅರ್ಥವಾಗುತ್ತದೆ.

18 ವರ್ಷದೊಳಗಿನ ಮಗುವಿನ ಮೇಲೆ, ಹುಡುಗ ಆಗಲಿ ಹುಡುಗಿ ಆಗಲಿ, ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಅಥವಾ ಆಗಬಹುದು ಅನ್ನುವ ಆತಂಕ ಇದ್ದರೆ, ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹೇಳುವುದು ಇದನ್ನೇ. ತಿಳಿಸಬೇಕಾದ್ದು ಸ್ಥಳೀಯ ಠಾಣೆಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ. ಮುಖ್ಯ ಶಿಕ್ಷಕರಿಗೆ ಹೇಳಿದ್ದೇನೆ, ನನ್ನ ಕೆಲಸ ಮುಗಿಯಿತು ಅನ್ನುವಂತಿಲ್ಲ. ಎಚ್‌ಎಂಗೆ ಹೇಳಿ, ಆದರೆ ಠಾಣೆಗೆ ಸುದ್ದಿ ಮುಟ್ಟಿತಾ ಅಂತ ನೀವೇ ನೋಡಿ. ಗೊತ್ತಿದ್ದೂ ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ತಪ್ಪು ಮಾಡಿದವನು ಅದೇ ಸಂಸ್ಥೆಯ ಸಿಬ್ಬಂದಿಯಾಗಿದ್ದು, ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ.

ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ: ನನ್ನ ಅನುಮಾನ ತಪ್ಪಾಗಿದ್ದರೆ? ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಅಂತ ಅದೇ 19ನೇ ಸೆಕ್ಷನ್‌ನಲ್ಲಿ ಬರೆದಿದೆ. ಸಾಕ್ಷಿ ಹುಡುಕುವುದು, ನಿಜವೋ ಸುಳ್ಳೋ ತೀರ್ಮಾನಿಸುವುದು ನಿಮ್ಮ ಕೆಲಸ ಅಲ್ಲ. ‘ಎಸ್‌ಡಿಎಂಸಿಯವರನ್ನು (ಶಾಲಾಭಿವೃದ್ಧಿ ಸಮಿತಿಯವರನ್ನು) ಕರೆಸಿ ಮಾತಾಡೋಣ, ಊರಿನ ಮರ್ಯಾದೆ ಪ್ರಶ್ನೆ’ ಅಂತ ಯಾರಾದರೂ ಅಂದರೆ, ಈ ಸೆಕ್ಷನ್ ನಂಬರ್ ಹೇಳಿ. ಇದರಲ್ಲಿ ಪಂಚಾಯಿತಿಗೆ ಜಾಗ ಇಲ್ಲ.

ಮಗುವಿನ ಜೊತೆ ಹೇಗೆ ಮಾತಾಡಬೇಕು? ಕಡಿಮೆ ಮಾತಾಡಿ. ಬೇರೆಯವರು ಕೇಳಿಸಿಕೊಳ್ಳದ ಕಡೆ, ಅವಳ ಎತ್ತರಕ್ಕೆ ಕೂತುಕೊಳ್ಳಿ. ‘ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪೇನೂ ಇಲ್ಲ’ ಅನ್ನಿ. ‘ಯಾರಿಗೂ ಹೇಳಲ್ಲ’ ಅಂತ ಮಾತ್ರ ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ‘ಅವನು ಹೀಗೆ ಮಾಡಿದನಾ, ಹಾಗೆ ಮಾಡಿದನಾ’ ಅಂತ ಕೆದಕಬೇಡಿ. ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಮತ್ತೆ ಮತ್ತೆ ಹೇಳಿಸಬೇಡಿ.

ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಇಷ್ಟು ಬರೆಯಿರಿ:

‘ಇಂದು ಮಧ್ಯಾಹ್ನ 3.40ಕ್ಕೆ, ನಾಲ್ಕನೇ ತರಗತಿ ಕೊಠಡಿಯಲ್ಲಿ, ಈ ಮಗು ನನ್ನ ಬಳಿ ಬಂದು ಹೇಳಿದ ಮಾತು:’ (ಅವಳ ಮಾತನ್ನು ಅವಳು ಹೇಳಿದ ಹಾಗೇ ಬರೆಯಿರಿ. ಗ್ರಾಂಥಿಕ ಮಾಡಬೇಡಿ, ತಿದ್ದಬೇಡಿ.) ‘ಆಗ ನಾನು ಕೇಳಿದ್ದು ಇಷ್ಟು. 3.55ಕ್ಕೆ ಮುಖ್ಯ ಶಿಕ್ಷಕರಿಗೆ ತಿಳಿಸಿದೆ. 4.05ಕ್ಕೆ ಠಾಣೆಗೆ ಫೋನ್ ಮಾಡಿದೆ.’ ಕೆಳಗೆ ಸಹಿ, ದಿನಾಂಕ.

ನಿಮ್ಮ ಊಹೆ, ಆಟೊದವನ ಬಗ್ಗೆ ಊರವರು ಏನನ್ನುತ್ತಾರೆ ಎಂಬುದು, ಇವೆಲ್ಲ ಇದರಲ್ಲಿ ಬೇಡ. ಠಾಣೆಯ ನಂಬರ್ ಸಿಗದಿದ್ದರೆ 112, ಇಲ್ಲವೇ ಮಕ್ಕಳ ಸಹಾಯವಾಣಿ 1098. ನೀವು ಕೊಟ್ಟ ಮಾಹಿತಿಯನ್ನು ಪೊಲೀಸರು ಬರೆದುಕೊಂಡು, ಅದಕ್ಕೆ ನಮೂದು ಸಂಖ್ಯೆ ಕೊಟ್ಟು, ನಿಮಗೆ ಓದಿ ಹೇಳಬೇಕು. ಆ ಸಂಖ್ಯೆ ಕೇಳಿ ಪಡೆದು ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ. 24 ಗಂಟೆಯೊಳಗೆ ಅವರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಯಾರಾದರೂ ಯೂನಿಫಾರ್ಮಿನಲ್ಲೇ ತರಗತಿ ಬಾಗಿಲಿಗೆ ಬಂದರೆ ನಯವಾಗಿ ಹೇಳಿ, ಆಫೀಸಿನಲ್ಲಿ ಕೂರಿಸಿ. ಮಗು ಯಾರು ಅಂತ ಉಳಿದ ಮಕ್ಕಳಿಗೆ ಗೊತ್ತಾಗಬಾರದು.

ಆ ಹಾಳೆಯನ್ನು ಲಕೋಟೆಯಲ್ಲಿ ಹಾಕಿ ಬೀಗದ ಬೀರುವಿನಲ್ಲಿ ಇಡಿ. ಮಗುವಿನ ಹೆಸರು ಸ್ಟಾಫ್ ಗ್ರೂಪಿಗೆ ಹೋಗಬಾರದು, ಸಭೆಯ ನಡಾವಳಿಯಲ್ಲೂ ಬರಬಾರದು. ಮಾರನೇ ದಿನ ಅವಳು ಶಾಲೆಗೆ ಬಂದರೆ ಹಾಜರಿ ಕರೆಯುವಾಗ ಎಲ್ಲರ ಹೆಸರು ಕರೆಯುವ ಧಾಟಿಯಲ್ಲೇ ಅವಳದ್ದನ್ನೂ ಕರೆಯಿರಿ. ಬರದಿದ್ದರೆ ಬರಲಿಲ್ಲ ಅಂತ ಬರೆದು ಸುಮ್ಮನಾಗಬೇಡಿ, ಮಕ್ಕಳ ಕಲ್ಯಾಣ ಸಮಿತಿಗೆ ಒಂದು ಫೋನ್ ಮಾಡಿ.